ಕಣ್ಣೀರ ಸುಳಿ

ಮಂದ್ರೂಪದ ಸಾಯಬಣ್ಣನ ಮನೆಯಲ್ಲಿ ಒಂದು ಕುದುರೆಯೂ ಇರಲಿಲ್ಲ. ಕುದುರೆ ಹುಚ್ಚು ಮಾತ್ರ ನೆತ್ತಿಗೇರಿತ್ತು. ಮಂಗಳವೇಢೆಯಲ್ಲಿ ಓಟವಿದೆ ಎಂದರೆ ಬಿತ್ತನೆ ಬಿಟ್ಟು ಹೊರಡುವ ಆಸಾಮಿ. ಮೈಂದರ್ಗಿಯ ಶಿವಶರಣಪ್ಪನ ಹೆಣ್ಣುಕುದುರೆ ಬಿಜಲಿ ಗೆದ್ದರೆ ಇವನು ಊರಿಗೆಲ್ಲ ಪೇಢೆ ಹಂಚುತ್ತಿದ್ದ, ಸೋತರೆ ಅನ್ನ ಬಿಡುತ್ತಿದ್ದ. ಕುದುರೆ ಮಂದಿಯದು, ಸಂಕಟ ಇವನದು.

ಆ ವರ್ಷ ಅಕ್ಕಲಕೋಟೆಯ ಓಟದಲ್ಲಿ ಬಿಜಲಿಯನ್ನು ಓಡಿಸಲು ಶಿವಶರಣಪ್ಪ ಸಾಯಬಣ್ಣನ ತಮ್ಮ, ಒಳ್ಳೆಯ ಸವಾರ ಕಲ್ಲಣ್ಣನನ್ನೇ ಕರೆದ. ಸಾಯಬಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು. ಸವಾರನಿಗೆ ಪಳಗಲೆಂದು ಕುದುರೆ ಮಂದ್ರೂಪಕ್ಕೇ ಬಂತು. ಕಲ್ಲಣ್ಣನ ಹೆಂಡತಿ ಶಾರದಾಬಾಯಿ ಅದರ ಮುಖ ನೋಡಿ ಹಿಂದೆ ಸರಿದಳು. ಎಡಗಣ್ಣಿನ ಕೆಳಗೇ ಕೂದಲಿನ ಸುಳಿಯೊಂದಿತ್ತು.

"ಭಾವಾರ, ಇದು ಕಣ್ಣೀರ ಸುಳಿ ಅದರಿ. ಹತ್ತಿದವರ ಮನಿ ಅಳಸತದಂತ. ಇವರನ್ನ ಹತ್ತಸಬ್ಯಾಡ್ರಿ."

"ಅಷ್ಟ ಅಲ್ಲೇನವ್ವಾ? ಸುಳಿ ಸುಟ್ಟರ ದೋಷ ಹೋಗತದ."

ಊರಿಗೆಲ್ಲ ಗೊತ್ತಿದ್ದ ಪರಿಹಾರವೇ ಅದು. ಸಾಯಬಣ್ಣ ಕುಡುಗೋಲಿನ ತುದಿ ಕಾಯಿಸಿ ಸುಳಿಯ ಮೇಲೆ ಬರೆ ಇಟ್ಟ. ಕುದುರೆ ತಲೆ ಕೊಡವಿತು. ಕಾದ ತುದಿ ಮೇಲಕ್ಕೆ ಜಾರಿ ಕಣ್ಣಿಗೆ ತಾಗಿತು.

ಗಾಯವೇನೋ ಮಾಯಿತು, ಕಣ್ಣಿಗೆ ಹೂವು ಬಿತ್ತು. ಯಾರೂ ಇಲ್ಲದಾಗ ಸಾಯಬಣ್ಣ ಆ ಕಣ್ಣಿನ ಮುಂದೆ ಕೈ ಆಡಿಸಿ ನೋಡಿದ. ರೆಪ್ಪೆ ಮಿಸುಕಲಿಲ್ಲ. ಹೇಳಿದರೆ ಓಟ ತಪ್ಪುತ್ತದೆ. ಆ ಒಂದು ಯೋಚನೆಯನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ಅಣ್ಣಾ, ಎಡಕ್ಕ ಗ್ವಾಡಿಗೆ ತಿಕ್ಕೋತ ಹೊಂಟದ. ಕಣ್ಣ ಕಾಣತದೋ ಇಲ್ಲೋ?" ಎಂದು ಕಲ್ಲಣ್ಣ ಕೇಳಿದ.

"ಕಾಣತದ. ನಾ ನೋಡೀನಿ."

ಅಣ್ಣನ ಮಾತು ಮೀರಿದವನಲ್ಲ ಕಲ್ಲಣ್ಣ. ಮತ್ತೆ ಕೇಳಲಿಲ್ಲ.

ಓಟದ ದಿನ ಅಕ್ಕಲಕೋಟೆಯ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾರದಾಬಾಯಿ ದೂರದ ತಿರುವಿನ ಹತ್ತಿರ ಗಾಡಿಯಲ್ಲಿ ಹೆಂಗಸರ ಜೊತೆ ಕೂತಿದ್ದಳು. ಆ ತಿರುವಿನಲ್ಲಿ ಎಡಕ್ಕೆ ಒಂದು ಬೇವಿನ ಮರ. ಸಾಯಬಣ್ಣ ಗೆಲುವಿನ ನಿಶಾನೆಯ ಪಕ್ಕದಲ್ಲೇ ನಿಂತ. ಕುದುರೆಗಳು ಹೊರಟವು, ತಿರುವಿನಲ್ಲಿ ಧೂಳೆದ್ದು ಎಲ್ಲ ಮುಚ್ಚಿತು. ಧೂಳು ಸೀಳಿ ಮೊದಲು ಬಂದದ್ದು ಬಿಜಲಿಯ ಮುಖ, ಹಿಂದಿನದೆಲ್ಲ ಇನ್ನೂ ಧೂಳಿನಲ್ಲೇ ಇತ್ತು.

"ಬಂತೋ! ನಮ್ಮ ಬಿಜಲಿ ಬಂತೋ!"

ಗೆಳೆಯರು ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಹಲಗೆ ವಾದ್ಯ ಮೊಳಗಿತು, ಗುಲಾಲು ಹಾರಿತು. ಅಷ್ಟು ಸುಖ ಅವನು ಜನ್ಮದಲ್ಲಿ ಉಂಡಿರಲಿಲ್ಲ. ಮೇಲಿನಿಂದ ಅವನಿಗೆ ಬಿಜಲಿಯ ಬೆನ್ನು ಕಾಣಿಸಿತು. ಬೆನ್ನ ಮೇಲೆ ಯಾರೂ ಇರಲಿಲ್ಲ. ಆಚೆ ಧೂಳು ಇಳಿದಿದ್ದ ತಿರುವಿನಲ್ಲಿ, ಬೇವಿನ ಬುಡದಲ್ಲಿ ಕಲ್ಲಣ್ಣ ಮುದುಡಿ ಬಿದ್ದಿದ್ದ. ಶಾರದಾಬಾಯಿ ಸೆರಗು ಜಾರಿದ್ದೂ ತಿಳಿಯದೆ ಓಡುತ್ತಿದ್ದಳು.

"ಇಳಸ್ರೋ! ನನ್ನ ಕೆಳಗ ಇಳಸ್ರೋ!"

ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಸಾಯಬಣ್ಣ ಕುಣಿಯುತ್ತಿದ್ದಾನೆಂದೇ ತಿಳಿದು ಅವನನ್ನು ಇನ್ನೂ ಮೇಲಕ್ಕೆ ಎತ್ತಿದರು.