ಕರೆದರೆ ಬರುವವರು

"ಕೊಳಚೇಲಿ ಹುಟ್ಟಿದವಳಿಗೆ ಕುರ್ಚಿ ಕೊಟ್ಟಿದ್ದೇ ನಮ್ಮ ತಪ್ಪು," ಎಂದ ನಗರಸಭೆಯ ಸಾಹೇಬ. "ನಿನ್ನ ಮುಂಡೇವು ಮನೆ ಬಿಟ್ಟು ಹೊರಗೆ ಬರಲ್ಲ ಅಂತಾವೆ. ಇಷ್ಟು ವರ್ಷ ನಿನಗೆ ಸಂಬಳ ಕೊಟ್ಟಿದ್ದು ಯಾತಕ್ಕೆ?"

ಕುರ್ಚಿಯೇನೋ ಇತ್ತು, ಎಲ್ಲರೂ ಅಕ್ಕ ಅನ್ನುವ ಅವಳು ಅದರ ಮೇಲೆ ಕೂತಿದ್ದು ಕಡಿಮೆ. ಕೇರಿಯ ಸೇವಾ ಕೇಂದ್ರಕ್ಕೆ ಅವಳೇ ಮುಖ್ಯಸ್ಥೆ. ಕೂಸುಗಳಿಗೆ ಲಸಿಕೆ, ಕುಡುಕ ಗಂಡಂದಿರಿಗೆ ಬುದ್ಧಿವಾದ, ಕಟ್ಟಿಕೊಂಡ ಚರಂಡಿ, ಹೆರಿಗೆ, ಹೆಣ, ಎಲ್ಲಕ್ಕೂ ಅವಳೇ ಓಡಬೇಕು. ಓಡಿ ಓಡಿ ಮೊಣಕಾಲು ಸವೆದಿದ್ದವು. ಪೊಲೀಸರು ಬಡಿದರೂ ಬಾಗಿಲು ತೆಗೆಯದ ಆ ಓಣಿಯ ಜನ ಅಕ್ಕ ಒಂದು ಕೂಗು ಹಾಕಿದರೆ ಒಲೆಯ ಮೇಲಿನದನ್ನು ಬಿಟ್ಟು ಬರುತ್ತಿದ್ದರು. ಅವಳ ಬದುಕಿನ ಗಳಿಕೆ ಅದೊಂದೇ. ಸಾಹೇಬನಿಗೆ ಈಗ ಬೇಕಾಗಿದ್ದದ್ದೂ ಅದೇ.

"ಕಣ್ಣಿನ ತಪಾಸಣೆ ಇದೆ ಅಂತ ಎಲ್ಲರನ್ನೂ ಕರೆದು ಸೆಂಟರಲ್ಲಿ ಕೂರಿಸು. ಅಷ್ಟರಲ್ಲಿ ಬುಲ್ಡೋಜರ್ ಕೆಲಸ ಮುಗಿಸುತ್ತೆ. ಒಳಗೆ ಜನ ಇದ್ರೆ ಗೋಡೆ ಮುಟ್ಟೋ ಹಾಗಿಲ್ಲ, ಅದೇ ತಲೆನೋವು."

"ಡಾಕ್ಟರ್ ಬರ್ತಾರಾ ಸಾರ್?"

"ಯಾವ ಡಾಕ್ಟರು?"

"ಮತ್ತೆ ಕೇರಿಯವರಿಗೆ ಮನೆ?"

"ಊರಾಚೆ ಕೊಡ್ತೀವಿ, ಮುಂದೆ ನೋಡೋಣ. ನೀನು ಮಾಡಲ್ಲ ಅಂದ್ರೆ ಸೆಂಟರಿಗೆ ಬೀಗ. ಆ ಪಿಳ್ಳೆಗಳನ್ನೆಲ್ಲ ನಿನ್ನ ತಲೆ ಮೇಲೆ ಹೊತ್ಕೊಂಡು ತಿರುಗು."

ಕೊಡಲಿ ಕಾವು ಕುಲಕ್ಕೆ ಸಾವು ಅನ್ನುತ್ತಿದ್ದಳು ಅವಳ ಅಮ್ಮ. ಇದೇ ಬೀದಿಗಳನ್ನು ಗುಡಿಸಿ ಗುಡಿಸಿ ಸತ್ತವಳು. ಅಕ್ಕನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಸುಸ್ತು, ಬರೀ ಸುಸ್ತು. ಮಾತಾಡದೆ ಎದ್ದು ಹೋದಳು. ಒಪ್ಪಿದಳೆಂದೇ ಸಾಹೇಬ ತಿಳಿದ. ಇಂಥ ಜನ ಬಾಯಿಮುಚ್ಚಿದರೆ ಒಪ್ಪಿದ ಹಾಗೆ ಎಂದು ಅವನ ಲೆಕ್ಕ.

ಮರುದಿನ ಬೆಳಿಗ್ಗೆ ಬುಲ್ಡೋಜರನ್ನು ಮೂಲೆಯ ಆಚೆ ನಿಲ್ಲಿಸಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಸಾಹೇಬ ಅಕ್ಕನ ಹಿಂದೆ ಬಂದ. ಓಣಿಯ ಬಾಯಲ್ಲಿ ನಿಂತು ಅಕ್ಕ ಕೂಗು ಹಾಕಿದಳು. ಒಂದೊಂದೇ ಬಾಗಿಲು ತೆರೆಯಿತು. ಮೊದಲ ಮನೆಯಿಂದ, ಊರವರ ಬಟ್ಟೆಗೆ ಇಸ್ತ್ರಿ ಹಾಕಿ ಬದುಕುವ ಅವಳ ಚಿಕ್ಕಮ್ಮ ಹೊರಬಂದಳು.

"ಏನೇ ಮಗಳೇ, ಇಷ್ಟು ಬೇಗ?"

"ಹೇಳು, ಹೇಳು," ಎಂದು ಹಿಂದಿನಿಂದ ಸಾಹೇಬ ಗೊಣಗಿದ.

"ಕಣ್ಣು ಪರೀಕ್ಷೆ ಅಂತ ಸುಳ್ಳು ಹೇಳಿ ನಿಮ್ಮನ್ನ ಹೊರಗೆ ಕರಿಬೇಕಂತೆ," ಎಂದಳು ಅಕ್ಕ, ಕೊನೆಯ ಮನೆಗೂ ಕೇಳುವಂತೆ. "ನೀವು ಬಂದ್ರೆ ಮನೆ ಕೆಡವ್ತಾರೆ. ಬುಲ್ಡೋಜರ್ ಮೂಲೇಲಿ ನಿಂತಿದೆ. ಎಲ್ಲಾ ಒಳಗೆ ಹೋಗಿ, ಚಿಲಕ ಹಾಕ್ಕೊಳ್ಳಿ."

ಓಣಿಯ ಉದ್ದಕ್ಕೂ ಚಿಲಕಗಳು ಬಿದ್ದವು.

"ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ," ಸಾಹೇಬ ಹಲ್ಲು ಕಡಿದ.

"ಹೋಗ್ಲಿ ಬಿಡಿ ಸಾರ್. ನನಗೂ ಸಾಕಾಗಿತ್ತು."

ಚಿಕ್ಕಮ್ಮ ರಟ್ಟೆ ಹಿಡಿದು ಅವಳನ್ನು ಒಳಗೆಳೆದುಕೊಂಡಳು. "ಆ ಬೋಳಿಮಗ ಬಿಸಿಲಲ್ಲಿ ಒಣಗಲಿ. ನೀನು ಕೂತ್ಕೊ. ಯಾವಾಗ ಬಂದ್ರೂ ಹೊಸ್ತಿಲಲ್ಲೇ ನಿಂತು ಓಡ್ತೀಯ." ಬಟ್ಟೆಯ ರಾಶಿ ಸರಿಸಿ ಜಾಗ ಮಾಡಿದಳು. ಅಕ್ಕ ಗೋಡೆಗೆ ಒರಗಿ ಕೂತಳು. ಎಷ್ಟು ಹಿತವಾಗಿತ್ತೆಂದರೆ ಅಳು ಬಂತು.

ಹೊರಗೆ ಡ್ರೈವರನ ದನಿ ಕೇಳಿಸಿತು. "ಒಳಗೆ ಜನ ಇದಾರೆ ಸಾರ್."

"ನನಗೆ ಯಾರೂ ಕಾಣ್ತಿಲ್ಲ. ಶುರು ಮಾಡು."

ಅಕ್ಕನ ಬೆನ್ನ ಹಿಂದೆ ಗೋಡೆ ಅದುರಿತು. ಹಲಗೆಯ ಮೇಲಿಂದ ಯಾರದೋ ಬಿಳಿ ಅಂಗಿ ಜಾರಿ ಬಿತ್ತು. ಚಿಕ್ಕಮ್ಮ ಅದನ್ನೆತ್ತಿ, ಮಣ್ಣು ಕೊಡವಿ, ಮತ್ತೆ ಮಡಿಸತೊಡಗಿದಳು.