ಅಕ್ಕನಿಗೂ ಅಡುಗೆಮನೆ ಬಂದ್

ದೊಡ್ಡ ಆಫೀಸೊಂದರ ನೆಲಮಾಳಿಗೆಯ ಕ್ಯಾಂಟೀನನ್ನು ಅಕ್ಕ ತಂಗಿ ಇಬ್ಬರೇ ನಡೆಸುತ್ತಿದ್ದರು. ಒಲೆ ಅಕ್ಕನದು, ಹೆಚ್ಚುವುದು, ಬಡಿಸುವುದು ತಂಗಿಯದು. ಕೆಲಸದ ದಿನ ಬಾಗಿಲು ಹಾಕಿದವರೇ ಅಲ್ಲ ಎಂಬ ಜಂಬ ಅಕ್ಕನಿಗೆ ತುಸು ಜಾಸ್ತಿಯೇ ಇತ್ತು.

ಅಂದು ಬೆಳಿಗ್ಗೆ ಪಪ್ಪಾಯಿ ಹೆಚ್ಚುತ್ತಿದ್ದ ತಂಗಿ ಚಾಕು ಬಿಟ್ಟು ಬಚ್ಚಲಿಗೆ ಓಡಿದಳು. ವಾಪಸು ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಏನಾಯ್ತೇ?"

"ಏನಿಲ್ಲಕ್ಕ. ಎದ್ದಾಗಿಂದ ವಾಂತಿ. ನೀನು ಬೈತೀಯ ಅಂತ ಹೇಳ್ಲಿಲ್ಲ. ಕೈಗೆ ಸ್ಯಾನಿಟೈಸರ್ ಜೆಲ್ ಹಚ್ಕೊಂಡೇ ಹೆಚ್ತಿದ್ದೀನಿ."

"ನಿನ್ನ ತಲೆ!"

ಹೆಚ್ಚಿಟ್ಟ ಹಣ್ಣನ್ನೆಲ್ಲ ಅಕ್ಕ ಕಸದ ಡಬ್ಬಕ್ಕೆ ಸುರಿದಳು. ಬಾಗಿಲಿಗೆ ರಜೆಯ ಚೀಟಿ ಅಂಟಿಸಿ ತಂಗಿಯನ್ನು ಡಾಕ್ಟರ ಬಳಿ ಕರೆದೊಯ್ದಳು.

"ಇದು ಹೊಟ್ಟೆಯ ವೈರಸ್ಸು, ಒಬ್ಬರಿಂದ ಒಬ್ಬರಿಗೆ ಬೇಗ ಅಂಟುತ್ತೆ," ಎಂದರು ಡಾಕ್ಟರಮ್ಮ. "ಓಆರ್‌ಎಸ್ ನೀರು ಗುಟುಕು ಗುಟುಕಾಗಿ ಕುಡೀಲಿ. ಜೆಲ್ ನಂಬ್ಕೋಬೇಡಿ, ಸೋಪು ಹಾಕಿ ಉಜ್ಜಿ ಕೈ ತೊಳೀರಿ. ಬಚ್ಚಲನ್ನ ಬ್ಲೀಚ್ ಹಾಕಿ ಒರೆಸಿ. ವಾಂತಿ, ಭೇದಿ ಪೂರ್ತಿ ನಿಂತ ಮೇಲೂ ಎರಡು ದಿನ ಅಡುಗೆಗೆ ಕೈ ಹಾಕೋ ಹಾಗಿಲ್ಲ."

ಕ್ಯಾಂಟೀನನ್ನೂ ಬಚ್ಚಲನ್ನೂ ಅಕ್ಕ ತಿಕ್ಕಿ ತಿಕ್ಕಿ ತೊಳೆದಳು. ಮನೆಯಲ್ಲಿ ಇಬ್ಬರೂ ಒಂದೇ ಟವೆಲಿಗೆ ಕೈ ಒರೆಸುತ್ತಿರುವುದು ಮಾತ್ರ ಹೊಳೆಯಲಿಲ್ಲ. ಮರುದಿನ ಅವಳಿಗೂ ಹೊಟ್ಟೆ ತೊಳಸಿ, ಮೇಲಿಂದಲೂ ಕೆಳಗಿಂದಲೂ ಶುರುವಾಯಿತು. ಅಷ್ಟರಲ್ಲಿ ಚೇತರಿಸಿಕೊಂಡಿದ್ದ ತಂಗಿ ಕೈಗವಸು ಹಾಕಿಕೊಂಡು, ಟವೆಲ್ ಬೇರೆ ಮಾಡಿ, ಅಕ್ಕನ ಆರೈಕೆಗೆ ನಿಂತಳು.

ಎರಡು ದಿನ ಕಳೆದು ಹೊಟ್ಟೆ ತಹಬಂದಿಗೆ ಬಂದದ್ದೇ ತಡ, ಅಕ್ಕ ಚಪ್ಪಲಿ ಮೆಟ್ಟಿದಳು. ತಂಗಿ ಬೀಗದ ಕೈ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಗುಂಡುಕಲ್ಲಿನ ಹಾಗಿದ್ದೀನಿ ಕಣೇ, ದಾರಿ ಬಿಡು."

"ಡಾಕ್ಟರಮ್ಮ ಎರಡು ದಿನ ಅಂದಿದ್ರು."

"ಅದು ನಿನಗೆ ಹೇಳಿದ್ದು!"

"ವೈರಸ್ಸಿಗೆ ಅಕ್ಕ ಯಾರು, ತಂಗಿ ಯಾರು ಅಂತ ಗೊತ್ತಾಗುತ್ತಾ? ನನ್ನ ಎರಡು ದಿನ ಮುಗೀತು. ಒಲೆ ನಾನೇ ನೋಡ್ಕೋತೀನಿ."

ಅಕ್ಕನಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು. ಚಪ್ಪಲಿ ಬಿಟ್ಟು ಒಳಗೆ ಹೋದಳು. ಇಡೀ ದಿನ ಕೂತಲ್ಲಿ ಕೂರಲಿಲ್ಲ.

ಸಂಜೆ ತಂಗಿ ಸಪ್ಪಗೆ ಬಂದಳು. "ಸೂಪಿಗೆ ಉಪ್ಪು ಜಾಸ್ತಿ ಆಯ್ತು, ಆದ್ರೂ ಎಲ್ಲ ಖರ್ಚಾಯ್ತು. ಆದ್ರೆ ಅಕ್ಕ, ಅವತ್ತು ನೀನು ನೋಡೋಕೆ ಮುಂಚೆ ವಾಚ್‌ಮನ್ ಅಣ್ಣನಿಗೆ ಒಂದು ಬಟ್ಟಲು ಪಪ್ಪಾಯಿ ಕೊಟ್ಟಿದ್ದೆ. ಅವರೂ ಹಾಸಿಗೆ ಹಿಡಿದಿದ್ದಾರಂತೆ."

ಅಕ್ಕ ಬೈಯಲಿಲ್ಲ. ವಾಚ್‌ಮನ್‌ಗೆ ಫೋನು ಹಚ್ಚಿ, ಮುಚ್ಚುಮರೆ ಮಾಡದೆ ನಡೆದದ್ದೆಲ್ಲ ಹೇಳಿ, "ತಪ್ಪು ನಮ್ಮದೇ ಅಣ್ಣ," ಎಂದಳು.

ಆ ಕಡೆಯಿಂದ ಕ್ಷೀಣ ದನಿ ಬಂತು. "ಅದಿರಲಿ ಬಿಡಮ್ಮ. ಮನೇಲಿ ಪುಟ್ಟ ಮೊಮ್ಮಗಳಿದ್ದಾಳೆ. ಅವಳಿಗೆ ತಗಲದ ಹಾಗೆ ಏನು ಮಾಡ್ಲಿ, ಮೊದಲು ಅದು ಹೇಳು."

ಅಕ್ಕ ಕುರ್ಚಿ ಎಳೆದುಕೊಂಡು ಕೂತು, ಒಂದೊಂದಾಗಿ ಬಿಡಿಸಿ ಹೇಳಿದಳು. ಮಗುವಿಗೆ ಏನೂ ಆಗಲಿಲ್ಲ.