ಬಿಳಿಗಾರದ ನೀರು

ಅಕ್ಕನಿಗೆ ಉಸಿರು ಸಾಲುತ್ತಿರಲಿಲ್ಲ. ಫಿನಾಯಿಲ್ ವಾಸನೆ ಬಂದರೂ ಸಾಕು, ಎದೆ ಹಿಡಿದು ಕೂತುಬಿಡುತ್ತಿದ್ದಳು. ಜಿರಳೆಗೆ ಸ್ಪ್ರೇ ಹೊಡೆದ ದಿನ ಆಸ್ಪತ್ರೆಗೆ ಓಡಬೇಕಾಯಿತು. ಆಮೇಲೆ ಅಡುಗೆಮನೆ ಜಿರಳೆಗಳ ಪಾಲಾಯಿತು.

ತಂಗಿ ಅಕ್ಕಸಾಲಿಗನ ಅಂಗಡಿಯಲ್ಲಿ ಒಡವೆಗೆ ಮೆರುಗು ಕೊಡುವ ಕೆಲಸದಲ್ಲಿದ್ದಳು. ಬೆಸುಗೆಗೆ ಬಳಸುವ ಬಿಳಿಗಾರ, ಅಂದರೆ ಬೋರಾಕ್ಸ್ ಪುಡಿಯಿಂದ ಜಿರಳೆಯೂ ಸಾಯುತ್ತದೆ, ನೆಲದ ಜಿಡ್ಡೂ ಹೋಗುತ್ತದೆ ಎಂದು ಗೊತ್ತಾದದ್ದು ಅಲ್ಲೇ.

"ಘಾಟಿಲ್ಲ, ವಾಸನೆಯಿಲ್ಲ. ಆದ್ರೆ ಉಪ್ಪು ಅಂದ್ಕೊಂಡು ಅಡುಗೆಗೆ ಹಾಕೀಯ, ಜಿರಳೆಗಿಂತ ಮೊದಲು ನಿಮ್ಮಕ್ಕ ಹೋಗ್ತಾಳೆ," ಎಂದ ಅಕ್ಕಸಾಲಿಗ.

"ಅವಳೆಲ್ಲಿ ಹೋಗ್ತಾಳೆ ಯಜಮಾನ್ರೇ, ನನ್ನನ್ನ ಕಳಿಸಿಯೇ ಹೋಗೋದು."

ಅವನು ಹೇಳಿದ್ದನ್ನೆಲ್ಲ ತಂಗಿ ಚಾಚೂ ತಪ್ಪದೆ ಪಾಲಿಸಿದಳು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ವಿಷವೆಂದು ಬರೆದು ಅಟ್ಟದ ಮೇಲಿಟ್ಟಳು. ಸಕ್ಕರೆಯೊಂದಿಗೆ ಕಲಸಿ ಬಾಟಲಿ ಮುಚ್ಚಳಗಳಲ್ಲಿ ತುಂಬಿ ಸಿಂಕಿನ ಹಿಂದಿನ ಸಂದಿಗೆ ತಳ್ಳಿದಳು. ಪುಡಿ ಹಾರಿ ಅಕ್ಕನ ಮೂಗಿಗೆ ಹೋಗದಂತೆ ಬಿಸಿನೀರಲ್ಲಿ ಕರಗಿಸಿ, ಕೈಗೆ ಗ್ಲೌಸು ಹಾಕಿಕೊಂಡು ನೆಲ ಒರೆಸಿದಳು. ಜಿರಳೆಗಳು ಹೇಳಹೆಸರಿಲ್ಲದಂತಾದವು. ಅಕ್ಕ ಎಷ್ಟೋ ಕಾಲದ ಮೇಲೆ ಅಡುಗೆಮನೆಯಲ್ಲಿ ನಿಶ್ಚಿಂತೆಯಿಂದ ಕೂತು ಚಹಾ ಕುಡಿದಳು.

ಒರೆಸಿದ ನೀರು ಎಲ್ಲಿಗೆ ಹೋಗಬೇಕೆಂದು ಅಕ್ಕಸಾಲಿಗ ಹೇಳಿರಲಿಲ್ಲ. ಇವಳು ಕೇಳಲೂ ಇಲ್ಲ. ನಲ್ಲಿ ಬರುವುದೇ ಅಪರೂಪವಾದ ಆ ಮನೆಯಲ್ಲಿ ಒಂದು ತಂಬಿಗೆ ನೀರೂ ಚರಂಡಿ ಕಂಡಿದ್ದಿಲ್ಲ. ಎಲ್ಲವೂ ಹಿತ್ತಿಲಿಗೆ, ಅಕ್ಕನ ಕುಂಡಗಳಿಗೆ.

ಆ ಕುಂಡಗಳೇ ಅಕ್ಕನ ಜೀವನ. ನಡುವೆ ದೊಡ್ಡ ಡ್ರಮ್ಮಿನಲ್ಲಿ ಬೀಜವಿಲ್ಲದ ನಿಂಬೆಯ ತಾಯಿಗಿಡ. ಅದರ ಕೊಂಬೆಗಳಿಗೆ ಮಣ್ಣು ಕಟ್ಟಿ, ಬೇರು ಬರಿಸಿ, ಕತ್ತರಿಸಿ ಸಸಿ ಮಾಡಿ ಮಾರುತ್ತಿದ್ದಳು.

"ಆ ಪುಡಿ ನೀರು ಗಿಡಕ್ಕೆ ಹಾಕ್ತೀಯಲ್ಲ, ಏನೂ ಆಗಲ್ವೇನೇ?"

"ಮಣ್ಣಲ್ಲಿ ಸಿಗೋದನ್ನ ಮಣ್ಣಿಗೆ ಹಾಕಿದ್ರೆ ಏನಾಗುತ್ತಕ್ಕ?"

ನಿಂಬೆಯ ಎಲೆಗಳ ತುದಿ ಹಳದಿಯಾಯಿತು, ಆಮೇಲೆ ಅಂಚು ಸುಟ್ಟಂತಾಯಿತು. ಗಿಡಕ್ಕೆ ಬಾಯಾರಿದೆ ಎಂದಳು ಅಕ್ಕ. ತಂಗಿ ಇನ್ನೊಂದು ಬಕೆಟ್ ಸುರಿದಳು. ಎಲೆ ಉದುರತೊಡಗಿದಾಗ ಅಕ್ಕನ ಸಿಟ್ಟು ಗೊಬ್ಬರದಣ್ಣನ ಮೇಲೆ ತಿರುಗಿತು. ಅವನು ಗೊಬ್ಬರ ತಂದಾಗಲೆಲ್ಲ, ಹೇಳದೆಯೇ, ಅಕ್ಕನ ಕೈಲಾಗದ ಭಾರದ ಕುಂಡಗಳನ್ನು ಎತ್ತಿಟ್ಟು, ಸಸಿಗಳನ್ನು ತನ್ನ ಗಾಡಿಯಲ್ಲೇ ಸಂತೆಗೆ ಒಯ್ಯುತ್ತಿದ್ದವನು.

"ಏನು ಕಸ ತಂದು ಸುರಿದೆಯೋ?"

"ನನ್ನ ಗೊಬ್ಬರ ತಿಂದೇ ಬೆಳೆದ ಗಿಡ ಕಣಮ್ಮಾ ಅದು."

"ಈಗ ಅದನ್ನೇ ತಿಂದು ಸಾಯ್ತಿದೆ. ನಿನ್ನ ಚೀಲ ತಗೊಂಡು ನಡಿ."

ಅವನು ಚೀಲ ಹೆಗಲಿಗೇರಿಸಿಕೊಂಡು ಹೋದ. ತಂಗಿ ಬಾಗಿಲಲ್ಲೇ ನಿಂತಿದ್ದಳು. ಅಕ್ಕ ಹೇಳಿದ್ದೇ ಸರಿ ಎಂದುಕೊಂಡಳು.

ಒಂದು ರಜೆಯ ದಿನ ಬಕೆಟ್ ಹಿಡಿದು ಹಿತ್ತಿಲಿಗೆ ಬಂದ ತಂಗಿಗೆ ಹುಲ್ಲು ಕಂಡಿತು. ಬಾಗಿಲಿಂದ ಡ್ರಮ್ಮಿನವರೆಗೆ, ಬಕೆಟ್ ತುಳುಕುವ ದಾರಿಯುದ್ದಕ್ಕೂ ಹುಲ್ಲು ಸತ್ತಿತ್ತು. ಆಚೀಚೆ ಹಸಿರು. ಎತ್ತರದ ಹಲಗೆಯ ಮೇಲೆ, ಅಕ್ಕ ಚೊಂಬಿನಲ್ಲಿ ನಲ್ಲಿ ನೀರು ಹಾಕುತ್ತಿದ್ದ ಸಸಿಗಳು, ಅದೇ ಗೊಬ್ಬರ ತಿಂದಿದ್ದರೂ, ನಳನಳಿಸುತ್ತಿದ್ದವು. ಅವಳು ಬಕೆಟ್ ಕೆಳಗಿಟ್ಟು ಅಕ್ಕನನ್ನು ಕರೆದಳು.

"ಅಕ್ಕಾ, ಗೊಬ್ಬರ ಅಲ್ಲ. ನಾನು. ನೆಲ ಒರೆಸಿದ ನೀರು."

ಅಕ್ಕ ಹುಲ್ಲು ನೋಡಿದಳು, ಹಲಗೆ ನೋಡಿದಳು. ಬೈಯುತ್ತಾಳೆಂದು ತಂಗಿ ಕಾದಳು.

"ಅವನನ್ನ ಬೈದು ಕಳಿಸಿದೆನಲ್ಲೇ," ಎಂದಳು ಅಕ್ಕ. ಅಷ್ಟೇ.

ಮಣ್ಣಿಗಿಳಿದ ಬಿಳಿಗಾರ ತೊಳೆದುಹೋಗಲೆಂದು ಕುಡಿಯಲು ತುಂಬಿಟ್ಟಿದ್ದ ನೀರನ್ನೂ ಡ್ರಮ್ಮಿಗೆ ಸುರಿದರು. ಗಿಡ ಚಿಗುರಲಿಲ್ಲ. ತಂಗಿ ಗೊಬ್ಬರದಣ್ಣನ ಮನೆ ಹುಡುಕಿಕೊಂಡು ಹೋದಳು. ಅವನು ಗಾಡಿ ತೊಳೆಯುತ್ತಿದ್ದ.

"ತಪ್ಪು ನಂದು ಅಣ್ಣಾ, ಅಕ್ಕಂದಲ್ಲ."

"ನಿಮ್ಮಕ್ಕ ಯಾಕೆ ಬರಲಿಲ್ಲ?"

"ಇಷ್ಟು ದೂರ ನಡೆಯೋಕೆ ಅವಳಿಗೆ ಉಸಿರಿಲ್ಲ."

"ಬೈಯೋಕೆ ಇತ್ತಲ್ಲ," ಎಂದು ಅವನು ಮತ್ತೆ ಚಕ್ರ ಉಜ್ಜತೊಡಗಿದ.

ನಿಂಬೆಯ ತಾಯಿಗಿಡ ಹೋಯಿತು. ಕೊಂಬೆಯಲ್ಲೇ ಬೇರು ಬಿಡುತ್ತಿದ್ದ ಎಂಟು ಸಸಿಗಳು ಹೋದವು. ನೆಲದ ಮೇಲಿದ್ದ ಹನ್ನೊಂದು ಕುಂಡಗಳ ಗಿಡಗಳೂ ಹೋದವು. ಜೊತೆಗೆ ಗೊಬ್ಬರದಣ್ಣ ಒಬ್ಬ.